ಅಡುಗೆಮನೆಯೂ ಕಾಯಕಶುದ್ಧಿಯೂ

ಮನೆಯು ಗೃಹಸ್ಥನ ಬಾಳಿಗೆ ಆಶ್ರಯಸ್ಥಾನವಾದರೆ ಅಡುಗೆಮನೆಯು ಆ ಮನೆಗೆ ಪ್ರಾಣಸ್ಥಾನವಾಗಿದೆ. ಹಸಿದು ಬಂದವನಿಗೆ ಅನ್ನವು ಸಿದ್ಧವಾಗುವುದು ಅಲ್ಲಿ. ಮಕ್ಕಳ ದೇಹವನ್ನು ಬೆಳೆಸುವ ಆಹಾರವು ಹದಗೊಳ್ಳುವುದು ಅಲ್ಲಿ. ದಾಸೋಹಕ್ಕೆ ಮೊದಲ ಉರಿ ಹೊತ್ತುವುದೂ ಅಲ್ಲಿಯೇ. ಇಂತಹ ಸ್ಥಾನವನ್ನು ಹೊಸದಾಗಿ ಕಟ್ಟಿಸುವಾಗ ಅದರ ಸಾಮಗ್ರಿಯನ್ನು ಯಾರಿಂದ ಕೊಳ್ಳಬೇಕು, ಅದನ್ನು ಯಾರ ಕೈಯಿಂದ ಜೋಡಿಸಬೇಕು ಎಂಬ ಪ್ರಶ್ನೆಯು ಬರಿಯ ಹಣಕಾಸಿನ ಪ್ರಶ್ನೆಯೇ, ಅಥವಾ ಅದರಲ್ಲಿ ಧರ್ಮಾಧರ್ಮಗಳ ವಿಚಾರವೂ ಅಡಗಿದೆಯೇ ಎಂಬುದನ್ನು ಇಲ್ಲಿ ಸ್ವಲ್ಪ ಪರಾಮರ್ಶಿಸೋಣ.

"ಹಲಗೆ, ಮೊಳೆ, ಕೀಲುಗಳಿಗೂ ಧರ್ಮಕ್ಕೂ ಏನು ಸಂಬಂಧ?" ಎಂದು ಸದ್ಭಕ್ತರಲ್ಲಿ ಕೆಲವರು ನಗಬಹುದು. ಆದರೆ 12ನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನು ಒಮ್ಮೆ ಸ್ಮರಿಸಿದರೆ ಈ ನಗೆಯು ತಾನಾಗಿಯೇ ಅಡಗುತ್ತದೆ. ನುಲಿಯ ಚಂದಯ್ಯನವರ ಹೆಸರಿನಲ್ಲಿ ಹಗ್ಗವಿದೆ. ಮೇದಾರ ಕೇತಯ್ಯನವರ ಹೆಸರಿನಲ್ಲಿ ಬಿದಿರ ಬುಟ್ಟಿಯಿದೆ. ಬಾಚಿಕಾಯಕದ ಬಸವಯ್ಯನವರ ಹೆಸರಿನಲ್ಲಿಯಂತೂ ಮರವನ್ನು ಕೆತ್ತುವ ಬಡಗಿಯ ಬಾಚಿಯೇ ಇದೆ. ಕೈಯಲ್ಲಿನ ಉಪಕರಣವನ್ನು ಬಿಟ್ಟುಬಂದು ಧರ್ಮವನ್ನು ಕುರಿತು ಮಾತನಾಡಿದವರಲ್ಲ ಆ ಮಹನೀಯರು. ಆದುದರಿಂದ ಹಲಗೆಯ ವಿಷಯವು ಈ ಪುಟಗಳಿಗೆ ಹೊರಗಿನದೆಂದು ಎಣಿಸಬೇಕಾಗಿಲ್ಲ.

ನಮ್ಮಲ್ಲಿ ಕಾಯಕಶುದ್ಧಿಯ ಮಾತು ಬಂದಾಗಲೆಲ್ಲ ಅದು ಕೆಲಸ ಮಾಡುವವನಿಗೆ ಮಾತ್ರ ಹೇಳಿದ ನಿಯಮವೆಂಬಂತೆ ನಾವು ತಲೆದೂಗುತ್ತೇವೆ. ಬಡಗಿಯು ಮೋಸ ಮಾಡಬಾರದು, ವ್ಯಾಪಾರಿಯು ಸುಳ್ಳಾಡಬಾರದು, ಕೂಲಿಯವನು ಕಳ್ಳಗೆಲಸ ಮಾಡಬಾರದು ಎಂಬುದು ನಿರ್ವಿವಾದ. ಆದರೆ ಕೆಲಸವನ್ನು ಮಾಡಿಸಿಕೊಳ್ಳುವವನಿಗೆ ಯಾವ ನಿಯಮವೂ ಇಲ್ಲವೇ? ಹಣ ಕೊಟ್ಟ ಮಾತ್ರಕ್ಕೆ ಅವನ ಶುದ್ಧಿಯು ಪೂರ್ಣವಾಯಿತೇ? ಈ ಶಂಕೆಯು ನನ್ನಲ್ಲಿ ಹುಟ್ಟಿದುದು ಗ್ರಂಥಾವಲೋಕನದಿಂದಲ್ಲ. ನನ್ನ ಮನೆಯ ಸಿಂಕಿನ ಕೆಳಗಣ ಒಂದು ಹಲಗೆಯಿಂದ. ಆ ವೃತ್ತಾಂತವು ನನಗೆ ಕೀರ್ತಿಕರವಾದುದಲ್ಲ. ಆದರೂ ಹೇಳತಕ್ಕದ್ದೇ ಸರಿ.

2009ರಲ್ಲಿ ಸಾಲ ಮಾಡಿ ಚಿಕ್ಕದೊಂದು ಮನೆಯನ್ನು ಕಟ್ಟಿಸಿದೆನು. ಅಡುಗೆಮನೆಯ ಕಟ್ಟೆಯ ಕೆಳಗೂ ಗೋಡೆಯ ಮೇಲೂ ಕಪಾಟುಗಳನ್ನು ಮಾಡಿಕೊಡಲು ಊರಿನ ಬಡಗಿಯೊಬ್ಬನು 68,000 ರೂಪಾಯಿ ಕೇಳಿದನು. ನೀರು ತಾಗುವ ಕಡೆಗೆ ಒಳ್ಳೆಯ ಪ್ಲೈವುಡ್ ಹಾಕಬೇಕಾಗುತ್ತದೆಂದು ಅವನು ಲೆಕ್ಕವನ್ನೂ ಬರೆದು ತೋರಿಸಿದನು. ನಾನು ಮೂರು ಸಂಜೆ ಅವನನ್ನು ಕೂಡಿಸಿಕೊಂಡು ಚೌಕಾಸಿ ಮಾಡಿದೆನು. ಕಪಾಟುಗಳ ಸಂಖ್ಯೆಯನ್ನು ಕಡಿಮೆ ಮಾಡಲಿಲ್ಲ, ಹಲಗೆಯ ದರ್ಜೆಯನ್ನು ಕಡಿಮೆ ಮಾಡಲು ಒಪ್ಪಲಿಲ್ಲ. ಹಣವನ್ನು ಮಾತ್ರ 52,000ಕ್ಕೆ ಇಳಿಸಿದೆನು. ಅವನು ಸ್ವಲ್ಪ ಹೊತ್ತು ನೆಲವನ್ನು ನೋಡುತ್ತ ಕುಳಿತು, "ಆಗಲಿ ಬಿಡ್ರಿ ಮಾಸ್ತರ" ಎಂದು ಎದ್ದುಹೋದನು. ಆ ರಾತ್ರಿ ನಾನು ಬಹಳ ಜಾಣತನ ಮಾಡಿದೆನೆಂದು ಸಂತೋಷಪಟ್ಟೆನು.

ಮೂರನೆಯ ಮಳೆಗಾಲದಲ್ಲಿ ಸಿಂಕಿನ ಕೆಳಗಣ ಹಲಗೆಯು ನೆನೆದ ಅವಲಕ್ಕಿಯಂತೆ ಉಬ್ಬಿತು. ಮೇಲಿನ ಹೊಳಪಿನ ಹಾಳೆಯನ್ನು ಕೈಯಿಂದ ಎಳೆದರೆ ಒಳಗೆಲ್ಲ ಪುಡಿ. ಹಿಂಬದಿಯ ಹಲಗೆಯೂ ಅದೇ ಜಾತಿಯದು. ಕಣ್ಣಿಗೆ ಕಾಣುವ ಬಾಗಿಲುಗಳಿಗೆ ಮಾತ್ರ ಒಳ್ಳೆಯ ಪ್ಲೈವುಡ್ ಹಾಕಿ, ಕಾಣದ ಕಡೆಗಳಲ್ಲಿ ಅಗ್ಗದ್ದನ್ನು ಹಾಕಿದ್ದನು. ನಾನು ಅವನನ್ನು ಕರೆಸಿ, ನೆರೆಯವರು ಕೇಳುವಂತೆ, ಧರ್ಮದ ಮಾತುಗಳನ್ನೆಲ್ಲ ಆಡಿದೆನು. ಅವನು ಕೊನೆಯವರೆಗೂ ಸುಮ್ಮನಿದ್ದು ಒಂದೇ ಮಾತು ಹೇಳಿದನು: "ಮಾಸ್ತರ, ಆವತ್ತು ನೀವು ಹದಿನಾರು ಸಾವಿರ ಕಡಿಮಿ ಮಾಡಿಸಿದ್ರಿ. ಅದನ್ನ ನಾ ಎಲ್ಲಿಂದ ತರಬೇಕಿತ್ತರಿ?"

ಈ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಅವನ ತಪ್ಪು ತಪ್ಪೇ. ಆಗದ ಬೆಲೆಗೆ ಆಗುವುದಿಲ್ಲವೆಂದು ಹೇಳಿ ಎದ್ದುಹೋಗುವ ಬದಲು ಒಪ್ಪಿಕೊಂಡು ಮೋಸ ಮಾಡಿದುದು ಅವನ ಕಾಯಕಕ್ಕೆ ಕಳಂಕ. ಆದರೆ ಅವನು ಆ ಮೋಸವನ್ನು ಮಾಡುವಂತಹ ಇಕ್ಕಟ್ಟಿಗೆ ಅವನನ್ನು ಮೂರು ಸಂಜೆ ತಳ್ಳಿದವನು ನಾನು. ಹಲಗೆಗೆ ಎಷ್ಟು, ಕೂಲಿಗೆ ಎಷ್ಟು ಎಂಬುದನ್ನು ಅವನೇ ಬರೆದು ತೋರಿಸಿದ್ದನಷ್ಟೆ. ಇಷ್ಟು ಹಣದಲ್ಲಿ ಇದು ಪ್ರಾಮಾಣಿಕವಾಗಿ ಆಗಲಾರದೆಂದು ನನಗೂ ಒಳಗೊಳಗೇ ತಿಳಿದಿದ್ದಿತು. ತಿಳಿದೂ ಕೇಳಿದೆನು. ಆಗದ ಬೆಲೆಯನ್ನು ಬಲವಂತದಿಂದ ಒಪ್ಪಿಸುವವನು ಹಲಗೆಯನ್ನಲ್ಲ, ವಂಚನೆಯನ್ನೇ ಕೊಳ್ಳುತ್ತಾನೆ. ಈ ಮಾತನ್ನು ಅರಿತುಕೊಳ್ಳಲು ನನಗೆ ಬಹಳ ವರ್ಷಗಳು ಹಿಡಿದವು.

ಆ ಅಡುಗೆಮನೆಯಲ್ಲಿ ಇನ್ನೊಂದು ತಪ್ಪೂ ಇದ್ದಿತು. ಅದು ಬಡಗಿಯದಲ್ಲ, ಪೂರ್ತಿಯಾಗಿ ನನ್ನದೇ. ಕಟ್ಟೆಯನ್ನು ರೂಢಿಯಂತೆ 34 ಅಂಗುಲ ಎತ್ತರಕ್ಕೆ ಕಟ್ಟಿಸಿದ್ದೆನು. ಎಲ್ಲರ ಮನೆಯಲ್ಲಿಯೂ ಅಷ್ಟೇ ಇರುತ್ತದೆಂದು ಯಾರೋ ಹೇಳಿದ್ದರು. ನನ್ನ ಧರ್ಮಪತ್ನಿಯು ಎತ್ತರದವಳಲ್ಲ. ನಮ್ಮ ಕಡೆ ದಿನವೂ ಜೋಳದ ರೊಟ್ಟಿ. ರೊಟ್ಟಿಯನ್ನು ಬಡಿಯುವಾಗ ಅಂಗೈಯ ಭಾರವು ಮೇಲಿನಿಂದ ಬೀಳಬೇಕಾಗುತ್ತದೆ. ಕಟ್ಟೆಯು ಎತ್ತರವಾದರೆ ಭುಜವನ್ನು ಎತ್ತಿ ಬಡಿಯಬೇಕು. ಆಕೆಯು ಒಂದು ಮಣೆಯನ್ನು ತಂದು ಕಟ್ಟೆಯ ಮುಂದೆ ಹಾಕಿಕೊಂಡು ಅದರ ಮೇಲೆ ನಿಂತು ವರ್ಷಗಟ್ಟಲೆ ರೊಟ್ಟಿ ಬಡಿದಳು. ಆ ಮಣೆಯನ್ನು ನಾನು ನಿತ್ಯವೂ ನೋಡುತ್ತಿದ್ದೆನು. ಅದು ಅಲ್ಲೇಕೆ ಇದೆಯೆಂದು ಒಮ್ಮೆಯೂ ಕೇಳಲಿಲ್ಲ. ಹೊಸ ಮನೆಯ ಮಾತು ಬಂದಾಗ ಆಕೆಯೇ ಹೇಳಿದಳು: "ರೀ, ಈ ಸಲ ಕಟ್ಟಿ ಕಟ್ಟೋ ಮುಂದ ನನ್ನ ಅಳತಿ ತಗೊಳ್ರಿ." ಅಡುಗೆಮನೆಯಲ್ಲಿ ದಿನಕ್ಕೆ ಐದಾರು ತಾಸು ನಿಲ್ಲುವವಳನ್ನು ಬಿಟ್ಟು, ಊಟದ ಹೊತ್ತಿಗೆ ಮಾತ್ರ ಅತ್ತ ಇಣಿಕುವವನು ಅದರ ಅಳತೆಯನ್ನು ನಿಶ್ಚಯಿಸಿದ್ದನು! ಮೊಳಕೈಯನ್ನು ಮಡಿಚಿ ನಿಂತಾಗ ಅದರಿಂದ ನಾಲ್ಕರಿಂದ ಆರು ಅಂಗುಲ ಕೆಳಗೆ ಕಟ್ಟೆಯಿರುವುದು ಸಾಮಾನ್ಯವಾಗಿ ಹಿತವೆಂದು ಈ ಕೆಲಸ ಬಲ್ಲವರು ಹೇಳುತ್ತಾರೆ. ಹಾಗೆ ಅಳೆದು ನೋಡಿದಾಗ ಆಕೆಗೆ 31 ಅಂಗುಲವೇ ಸಾಕಾಗಿದ್ದಿತು. ಮೂರು ಅಂಗುಲದ ಅವಿವೇಕಕ್ಕೆ ಒಬ್ಬಳ ಭುಜವು ಹದಿನಾಲ್ಕು ವರ್ಷ ಕಂದಾಯ ತೆತ್ತಿತು.

ಇಂತು ಎರಡು ತಪ್ಪುಗಳ ಪಾಠವನ್ನು ಹೊತ್ತುಕೊಂಡು 2023ರಲ್ಲಿ ಎರಡನೆಯ ಸಲ ಈ ಕಾರ್ಯಕ್ಕೆ ಕೈಹಾಕಿದೆನು. ಆಗ ಕಾಲವೇ ಬದಲಾಗಿದ್ದಿತು. ಹಿಂದೆ ಹಳ್ಳಿಯ ಬಡಿಗೇರನು ಆಯದ ಕಾಳನ್ನು ಪಡೆಯುತ್ತ ಅದೇ ಊರಿನಲ್ಲಿ ಬಾಳುತ್ತಿದ್ದನು. ಅವನು ಮಾಡಿದ ಬಾಗಿಲು ಜೋತುಬಿದ್ದರೆ ಮರುದಿನ ಬಾವಿಯ ದಾರಿಯಲ್ಲಿ ನಮ್ಮ ಮುಖವನ್ನು ನೋಡಬೇಕಾಗುತ್ತಿದ್ದಿತು. ಆ ಲಜ್ಜೆಯೇ ಅವನ ಕರಾರುಪತ್ರವಾಗಿದ್ದಿತು. ಇಂದು ಹಲಗೆಯು ಒಂದು ರಾಜ್ಯದಲ್ಲಿ, ಕೀಲು ಮತ್ತು ಚಾನೆಲ್ಲುಗಳು ಇನ್ನೊಂದು ದೇಶದಲ್ಲಿ, ಕತ್ತರಿಸುವ ಕೆಲಸವು ಮತ್ತೊಂದು ಊರಿನ ಕಾರ್ಖಾನೆಯಲ್ಲಿ ಆಗಬಹುದು. ಅಂಗಡಿಯವನು ಮಾರುತ್ತಾನೆ, ಅವನಿಂದ ಗುತ್ತಿಗೆ ಹಿಡಿದವನು ಕಳುಹಿಸಿದ ಇಬ್ಬರು ತರುಣರು ಬಂದು ಜೋಡಿಸಿ ಹೋಗುತ್ತಾರೆ. ಮುಂದೆ ದೋಷ ಕಂಡರೆ ಮಾರಿದವನು ಜೋಡಿಸಿದವನತ್ತ ಬೆರಳು ಮಾಡುತ್ತಾನೆ; ಜೋಡಿಸಿದವನು ಗೋಡೆ ಕಟ್ಟಿದವನತ್ತ, ಅವನು ನಳದ ಕೆಲಸದವನತ್ತ. ಕೆಲಸವು ಹಂಚಿಹೋದಂತೆ ಹೊಣೆಯೂ ಹಂಚಿಹೋಗಿ, ಕಡೆಗೆ ಯಾರ ಪಾಲಿಗೂ ಉಳಿಯದಂತಾಗುತ್ತದೆ. ಆದಕಾರಣ ಇಂದು ಕೇಳಬೇಕಾದ ಮೊದಲನೆಯ ಪ್ರಶ್ನೆಯು "ಬೆಲೆ ಎಷ್ಟು?" ಎಂಬುದಲ್ಲ, "ನಾಳೆ ಉತ್ತರ ಕೊಡುವವರು ಯಾರು?" ಎಂಬುದು. ಅಳತೆ, ಸಾಮಗ್ರಿ, ಜೋಡಣೆ ಈ ಮೂರಕ್ಕೂ ತಾನೇ ಹೊಣೆಯೆಂದು ಸಹಿ ಹಾಕುವವನು ಸ್ವಲ್ಪ ಹೆಚ್ಚಿಗೆ ಕೇಳಿದರೂ ಅಗ್ಗವೇ.

ಮೂವರಿಂದ ದರಪಟ್ಟಿಗಳನ್ನು ತರಿಸಿದೆನು. ಹತ್ತಡಿಗೆ ಎಂಟಡಿಯ ಅಡುಗೆಮನೆಗೆ ಒಬ್ಬರು 1,95,000, ಇನ್ನೊಬ್ಬರು 2,40,000, ಮೂರನೆಯವರು 2,85,000 ರೂಪಾಯಿ ಬರೆದಿದ್ದರು. ಮೊದಲು ನೋಡಿದಾಗ ಮೊದಲನೆಯವರು ದಯಾವಂತರೆಂದೂ ಮೂರನೆಯವರು ಲೋಭಿಗಳೆಂದೂ ತೋರಿತು. ಆದರೆ ಪಟ್ಟಿಯನ್ನು ಸಾಲುಸಾಲಾಗಿ ಓದಿದಾಗ ಮೂವರೂ ಒಂದೇ ವಸ್ತುವನ್ನು ಮಾರುತ್ತಿಲ್ಲವೆಂದು ತಿಳಿಯಿತು. ಒಬ್ಬರು ಬಾಗಿಲುಗಳ ಮುಖದ ಚದರಡಿಯನ್ನು ಮಾತ್ರ ಎಣಿಸಿ, ಒಳಗಿನ ಡ್ರಾಯರು, ಬುಟ್ಟಿ, ಕೀಲುಗಳನ್ನು "ಪ್ರತ್ಯೇಕ" ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಇನ್ನೊಬ್ಬರು ಎಲ್ಲವನ್ನೂ ಸೇರಿಸಿದ್ದರು. ಒಬ್ಬರ ಪಟ್ಟಿಯಲ್ಲಿ "ಉತ್ತಮ ದರ್ಜೆಯ ಹಲಗೆ" ಎಂದಿದ್ದಿತು; ಇನ್ನೊಬ್ಬರಲ್ಲಿ ಮಾನಕದ ಸಂಖ್ಯೆ, ದಪ್ಪ, ತಯಾರಕರ ಹೆಸರು ಎಲ್ಲವೂ ಇದ್ದವು. ವಿಶೇಷಣವು ಹೆಚ್ಚಿದಷ್ಟೂ ವಿವರವು ಕಡಿಮೆಯಾಗುವುದು ವ್ಯಾಪಾರದ ಒಂದು ಲಕ್ಷಣ.

ಗೃಹಸ್ಥರ ಉಪಯೋಗಾರ್ಥವಾಗಿ ಈ ವಿವರಗಳನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಪ್ಲೈವುಡ್ಡಿಗೆ ಭಾರತೀಯ ಮಾನಕ ಬ್ಯೂರೋದ ಮಾನಕಗಳುಂಟು. ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐಎಸ್ 303. ನೀರಿನ ಸಂಪರ್ಕವನ್ನು ತಾಳತಕ್ಕ ಮರೈನ್ ಪ್ಲೈವುಡ್ಡಿಗೆ ಐಎಸ್ 710. ಈ ಎರಡನೆಯದರ ಅಂಟು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದೆಂಬ ಪರೀಕ್ಷೆಯಿದೆ. ಹಲಗೆಯ ಮೇಲಿನ ಐಎಸ್‌ಐ ಗುರುತಿನೊಡನೆ ಪರವಾನಗಿಯ ಸಂಖ್ಯೆಯೂ ಇರುತ್ತದೆ. ಅದು ನಿಜವೋ ಅಲ್ಲವೋ ಎಂಬುದನ್ನು ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಯಾರಾದರೂ ನೋಡಬಹುದು. ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಕೋಣೆಯ ಕಪಾಟಿಗೆ ಒದಗೀತು. ಸಿಂಕಿನ ಕೆಳಗೆ ಅದಕ್ಕೆ ಆಯುಷ್ಯವಿಲ್ಲ. ಹಲಗೆಯ ಅಂಚುಗಳಿಗೆ ಪಟ್ಟಿ ಅಂಟಿಸಿ ಮುಚ್ಚದೆ ಬಿಟ್ಟರೆ ಒಳ್ಳೆಯ ಹಲಗೆಗೂ ಅಲ್ಲಿಂದಲೇ ತೇವವು ನುಗ್ಗುತ್ತದೆ. ಸ್ಟೀಲಿನ ಬುಟ್ಟಿಗಳಲ್ಲಿ 304 ಮತ್ತು 202 ಎಂಬ ಎರಡು ಬಗೆಗಳು ಪೇಟೆಯಲ್ಲಿವೆ. ನಿಕಲ್ ಅಂಶವು ಕಡಿಮೆಯಿರುವ 202 ಬೇಗ ತುಕ್ಕು ಹಿಡಿಯುತ್ತದೆ. ಹೊಸದರಲ್ಲಿ ಎರಡೂ ಒಂದೇ ಹೊಳಪಿನವು, ಆಯಸ್ಕಾಂತವನ್ನು ಹಿಡಿದು ನೋಡಿದರೂ ಭೇದ ತಿಳಿಯದು. ಆದುದರಿಂದ ಅದನ್ನು ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳಬೇಕು.

ಪ್ರಾಣಕ್ಕೆ ಸಂಬಂಧಪಟ್ಟ ಒಂದು ಮಾತನ್ನು ಬಿಡುವಂತಿಲ್ಲ. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಸಿಲಿಂಡರನ್ನು ಚೆಂದಕ್ಕಾಗಿ ಮುಚ್ಚಿದ ಕಪಾಟಿನಲ್ಲಿ ಅಡಗಿಸಿ, ಕೆಳಗಡೆ ಗಾಳಿಯಾಡುವ ಕಿಂಡಿಯನ್ನು ಬಿಡದಿದ್ದರೆ ಆ ಕಪಾಟೇ ಅಪಾಯದ ಪೆಟ್ಟಿಗೆಯಾಗುತ್ತದೆ. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಒಲೆಯು ಅದಕ್ಕಿಂತ ಎತ್ತರದಲ್ಲಿರಬೇಕು, ರಬ್ಬರು ನಳಿಗೆಯನ್ನು ಐದು ವರ್ಷಗಳೊಳಗೆ ಬದಲಿಸಬೇಕು. ಸೋರಿಕೆಯ ಸಹಾಯಕ್ಕೆ 1906 ಎಂಬ ದೂರವಾಣಿ ಸಂಖ್ಯೆಯಿದೆ. ಈ ಕಿಂಡಿಯ ವಿಷಯವನ್ನು ನಾವು ಕೇಳುವ ಮೊದಲೇ ತಾನಾಗಿ ಹೇಳುವ ಜೋಡಣೆಗಾರನು ಬರಿಯ ಹಣಕ್ಕಾಗಿ ಬಂದವನಲ್ಲವೆಂದು ತಿಳಿಯಬಹುದು.

ಇಷ್ಟೆಲ್ಲ ಲಕ್ಷಣಗಳನ್ನು ತಿಳಿದರೂ ಮನುಷ್ಯನನ್ನು ಆರಿಸುವ ಕಷ್ಟವು ಹಾಗೆಯೇ ಉಳಿಯುತ್ತದೆ. ಅಂಗಡಿಯಲ್ಲಿ ದೀಪಗಳ ಕೆಳಗೆ ಹೊಳೆಯುವ ಮಾದರಿಯು ಯಾರನ್ನೂ ಪರೀಕ್ಷಿಸಲಾರದು. ಅಲ್ಲಿ ಒಗ್ಗರಣೆಯ ಹೊಗೆಯಿಲ್ಲ, ಚೆಲ್ಲಿದ ಸಾರಿಲ್ಲ, ಬಾಗಿಲನ್ನು ಒದೆಯುವ ಮಕ್ಕಳಿಲ್ಲ. ಆದುದರಿಂದ ಪ್ರತಿಯೊಬ್ಬರನ್ನೂ "ಐದು ವರ್ಷದ ಹಿಂದೆ ನೀವು ಮಾಡಿಕೊಟ್ಟ ಒಂದು ಅಡುಗೆಮನೆಯನ್ನು ತೋರಿಸಿರಿ" ಎಂದು ಕೇಳಿದೆವು. ಮೊದಲನೆಯವರು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಮೂರನೆಯವರು ಹೊಸದಾಗಿ ಮುಗಿದ ಮನೆಗೆ ಕರೆದೊಯ್ದರು. ಎರಡನೆಯವರು, ಪೇಟೆಯ ಹಿಂದಿನ ಓಣಿಯಲ್ಲಿ ಸ್ವಂತ ಕಾರ್ಖಾನೆಯಿರುವ ಒಬ್ಬ ನಡುವಯಸ್ಸಿನ ಬಡಗಿ, ಆರು ವರ್ಷದ ಹಳೆಯ ಮನೆಯೊಂದಕ್ಕೆ ಕರೆದುಕೊಂಡು ಹೋದರು. ನನ್ನ ಪತ್ನಿಯು ಅಲ್ಲಿಯ ಗೃಹಿಣಿಯ ಅಪ್ಪಣೆ ಪಡೆದು ನೇರವಾಗಿ ಸಿಂಕಿನ ಕೆಳಗೆ ಬಗ್ಗಿ ಕೈಯಾಡಿಸಿದಳು. ಹಲಗೆಯು ಗಟ್ಟಿಯಾಗಿದ್ದಿತು. ಒಂದು ಡ್ರಾಯರು ಮಾತ್ರ ತುಸು ತಡೆಯುತ್ತಿದ್ದಿತು. ಆ ಗೃಹಿಣಿಯು, "ಕರೆದರೆ ಬರತಾರ, ಎರಡು ದಿನ ತಡಾ ಮಾಡತಾರ, ಆದರ ಬರತಾರ" ಎಂದರು. ಇಷ್ಟು ನಿಷ್ಪಕ್ಷಪಾತವಾದ ಪ್ರಶಸ್ತಿಪತ್ರವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳದೆ ಮುಂದುವರಿಯಲಾರೆನು. ಮೂವರಲ್ಲಿ ಒಬ್ಬರು ಹಣೆಯಲ್ಲಿ ವಿಭೂತಿ ಧರಿಸಿ ಬಂದು, "ನಾವು ನಿಮ್ಮವರೇ, ಅದೇ ಮಠದ ಭಕ್ತರು, ನಮ್ಮಲ್ಲಿ ಲೆಕ್ಕವೇಕೆ?" ಎಂದರು. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ಹಲಗೆಯ ದರ್ಜೆ ಏನೆಂದು ನಾನು ಕೇಳಿದ ಪ್ರತಿಸಲವೂ ಅವರು ಆ ಸಂಬಂಧವನ್ನೇ ಉತ್ತರವಾಗಿ ಕೊಟ್ಟರು. ವಿಭೂತಿಯು ಧರಿಸಿದವನ ಆತ್ಮಕ್ಕೆ ರಕ್ಷೆ. ಅದು ಪ್ಲೈವುಡ್ಡಿನ ಮುದ್ರೆಯಲ್ಲ. ನಮ್ಮವನೆಂಬ ಒಂದೇ ಕಾರಣಕ್ಕೆ ಕೆಲಸ ಕೊಡುವುದೂ ನಮ್ಮವನಲ್ಲವೆಂಬ ಕಾರಣಕ್ಕೆ ಕೊಡದಿರುವುದೂ ಕಾಯಕವನ್ನು ಬಿಟ್ಟು ಕುಲವನ್ನು ನೋಡಿದಂತೆ. ಕುಲವನ್ನು ನೋಡದೆ ಕಾಯಕವನ್ನು ನೋಡಿದ ಪರಂಪರೆಯ ಮಕ್ಕಳು ನಾವೆಂಬುದು ಸಭೆಯಲ್ಲಿ ಮಾತ್ರ ನೆನಪಾಗಿ, ದರಪಟ್ಟಿಯ ಮುಂದೆ ಮರೆತುಹೋಗಬಾರದು.

ಈಗ ಪೂರ್ವಪಕ್ಷಗಳನ್ನು ನೋಡೋಣ. ಕೆಲವರು ಹೇಳುವರು: "ಗೃಹಸ್ಥನಿಗೆ ಮಿತವ್ಯಯವು ಧರ್ಮ. ಮಕ್ಕಳ ಓದು, ವೃದ್ಧರ ಔಷಧಿಗಳಿಗೆ ಬೇಕಾದ ಹಣವನ್ನು ಬಡಗಿಗೆ ಸುರಿಯುವುದು ವಿವೇಕವೇ? ಚೌಕಾಸಿಯು ಪಾಪವಾದರೆ ಸಂತೆಯೇ ನಡೆಯದು." ಸತ್ಯ, ಮಿತವ್ಯಯವು ಧರ್ಮವೇ. ಆದರೆ ಮಿತವೆಂಬುದು ಯಾವುದಕ್ಕೆ? ನಮ್ಮ ಬಯಕೆಗೋ, ಅನ್ಯನ ಕೂಲಿಗೋ? ಆಯ್ದಕ್ಕಿ ಲಕ್ಕಮ್ಮನವರ ಕಥೆಯು ಎಲ್ಲರಿಗೂ ತಿಳಿದಿದೆ. ಪತಿಯು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿಯು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಬಡತನದಲ್ಲಿದ್ದೂ ಅವಳು ಮಿತಿಯನ್ನು ಹಾಕಿದುದು ತನ್ನ ಮನೆಯ ಆಸೆಗೆ. ನಾವು ಆಸೆಯನ್ನು ಹಾಗೆಯೇ ಇಟ್ಟುಕೊಂಡು ಮಿತಿಯನ್ನು ಬಡಗಿಯ ಬೆವರಿಗೆ ಹಾಕುತ್ತೇವೆ. ಹಣವು ಸಾಲದಿದ್ದರೆ ಮೇಲಿನ ಸಾಲಿನ ಕಪಾಟುಗಳನ್ನು ಬಿಡಬಹುದು; ಬಾಗಿಲುಗಳ ಬದಲು ಕಡಪಾ ಕಲ್ಲಿನ ತೆರೆದ ಹಲಗೆಗಳನ್ನು ಹಾಕಿಸಬಹುದು, ನಮ್ಮ ಹಿರಿಯರ ಅಡುಗೆಮನೆಗಳಲ್ಲಿ ಅವೇ ಇದ್ದವು; ಹೊಳೆಯುವ ಮೇಲ್ಮೈಯ ಬದಲು ಸಾದಾ ಲ್ಯಾಮಿನೇಟನ್ನು ಆರಿಸಬಹುದು. ಬಯಕೆಯನ್ನು ಇಳಿಸಿದರೆ ಬೆಲೆಯು ಪ್ರಾಮಾಣಿಕವಾಗಿಯೇ ಇಳಿಯುತ್ತದೆ. ಬಯಕೆಯನ್ನು ಇಳಿಸದೆ ಬೆಲೆಯನ್ನು ಇಳಿಸಿದರೆ ಇಳಿಯುವುದು ಹಲಗೆಯ ದರ್ಜೆ, ಅದರೊಡನೆ ಇಬ್ಬರ ಶೀಲ.

ಇನ್ನು ಕೆಲವರು ಹೇಳುವರು: "ಒಳ್ಳೆಯವನನ್ನು ಆರಿಸಿದ ಮೇಲೆ ಬರೆಹವೇಕೆ? ಕರಾರುಪತ್ರವೆಂಬುದು ಅವಿಶ್ವಾಸದ ಕುರುಹಲ್ಲವೇ?" ಅಲ್ಲ. ಬರೆಹವು ಅವಿಶ್ವಾಸಕ್ಕಾಗಿ ಹುಟ್ಟಿದುದಲ್ಲ, ಮರೆವಿಗಾಗಿ ಹುಟ್ಟಿದುದು. ಮೂರು ತಿಂಗಳ ಕೆಲಸದಲ್ಲಿ ಇಬ್ಬರೂ ಮರೆಯುತ್ತಾರೆ, ತಮಗೆ ಅನುಕೂಲವಾದಂತೆ ಮರೆಯುತ್ತಾರೆ. ಹಲಗೆ, ದಪ್ಪ, ಕೀಲು, ದಿನಾಂಕ, ಹಣದ ಕಂತು, ಜೋಡಣೆಯ ನಂತರ ಎಷ್ಟು ಕಾಲ ದುರಸ್ತಿಯ ಹೊಣೆ ಎಂಬುದನ್ನು ಬರೆದಿಟ್ಟರೆ ಸ್ನೇಹವು ಉಳಿಯುತ್ತದೆ. ಹಣವನ್ನೆಲ್ಲ ಮೊದಲೇ ಕೊಡುವುದು ಅವಿವೇಕ. ಕೆಲಸವೆಲ್ಲ ಮುಗಿದ ಮೇಲೂ ನೆಪವೊಡ್ಡಿ ಕಡೆಯ ಕಂತನ್ನು ಹಿಡಿಯುವುದು ಅಧರ್ಮ. ನಾವು ಶೇಕಡಾ 10ನ್ನು ಜೋಡಣೆ ಮುಗಿದು ಹದಿನೈದು ದಿನ ಬಳಸಿ ನೋಡಿದ ಮೇಲೆ ಕೊಡುವುದೆಂದು ಬರೆದೆವು. ಹದಿನಾರನೆಯ ದಿನ ಕೊಟ್ಟೆವು.

ಬಿಲ್ಲಿನ ವಿಷಯವೂ ಇಲ್ಲಿಯೇ ಬರುತ್ತದೆ. "ಬಿಲ್ಲು ಬೇಡವಾದರೆ ಜಿಎಸ್‌ಟಿ ಉಳಿಯುತ್ತದೆ" ಎಂಬ ಮಾತನ್ನು ಕೇಳದ ಗೃಹಸ್ಥನಿಲ್ಲ. ಅನೇಕ ವೇಳೆ ಅದನ್ನು ಮೊದಲು ಆಡುವವನು ಅಂಗಡಿಯವನಲ್ಲ, ನಾವೇ. ರಾಜ್ಯಕ್ಕೆ ಸಲ್ಲಬೇಕಾದುದನ್ನು ಇಬ್ಬರೂ ಕೂಡಿ ಮುಚ್ಚಿಟ್ಟ ಮೇಲೆ, ಅವನು ನಮ್ಮಿಂದ ಏನನ್ನೂ ಮುಚ್ಚಿಡಬಾರದೆಂದು ಯಾವ ಬಾಯಿಂದ ಹೇಳೋಣ? ಲೌಕಿಕವಾಗಿಯೂ ಇದು ನಷ್ಟ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ದೋಷವುಳ್ಳ ಸಾಮಗ್ರಿಗೂ ಕೊರತೆಯ ಸೇವೆಗೂ ಜಿಲ್ಲಾ ಆಯೋಗದಲ್ಲಿ ಎರಡು ವರ್ಷಗಳೊಳಗೆ ದೂರು ಕೊಡಬಹುದು. 1915 ಎಂಬ ಸಹಾಯವಾಣಿಯೂ ಇದೆ. ಆದರೆ ಬಿಲ್ಲಿಲ್ಲದವನು ಅಲ್ಲಿ ಏನನ್ನು ತೋರಿಸಿಯಾನು? ಕೊಟ್ಟ ಹಣಕ್ಕೂ ಸಾಕ್ಷಿಯಿಲ್ಲ, ಕೊಂಡ ವಸ್ತುವಿಗೂ ಸಾಕ್ಷಿಯಿಲ್ಲ.

ಕಡೆಗೆ ಆಯ್ಕೆಯು ಹೇಗಾಯಿತೆಂಬುದನ್ನು ಹೇಳುತ್ತೇನೆ. ಹಳೆಯ ಅಭ್ಯಾಸವು ಸುಲಭವಾಗಿ ಬಿಡುವಂತಹುದಲ್ಲ. ಮೂವರಿಗೂ ನಾನು, "ಇದೇ ಹಲಗೆ, ಇದೇ ಕೆಲಸ, ಇಪ್ಪತ್ತೈದು ಸಾವಿರ ಕಡಿಮೆ ಮಾಡಿರಿ" ಎಂದೆನು. ಒಬ್ಬರು ಆಗಲೇ ಒಪ್ಪಿದರು. ಇನ್ನೊಬ್ಬರು ಕ್ಯಾಲ್ಕುಲೇಟರನ್ನು ಒತ್ತಿದಂತೆ ಮಾಡಿ ಒಪ್ಪಿದರು. ಹಿಂದಿನ ಓಣಿಯ ಆ ಬಡಗಿ ಮಾತ್ರ ಕೈಮುಗಿದು, "ಆಗೂದಿಲ್ಲರಿ ಸರ. ಬೇಕಾದರ ಮ್ಯಾಲಿನ ಸಾಲು ತಗದುಬಿಡೋಣು, ಮೂವತ್ತು ಸಾವಿರ ಉಳಿತದ. ಇದ ಹಲಗಿ ಇಟ್ಟು ಕಡಿಮಿ ಮಾಡು ಅಂದರ ನನ್ನ ಕೈಲೆ ಆಗೂದಿಲ್ಲ" ಎಂದರು. ಹದಿನಾಲ್ಕು ವರ್ಷಗಳ ಹಿಂದೆ ನೆಲವನ್ನು ನೋಡುತ್ತ ಕುಳಿತಿದ್ದ ಆ ಮತ್ತೊಬ್ಬ ಬಡಗಿಯ ಮುಖವು ನನ್ನ ಕಣ್ಣ ಮುಂದೆ ಬಂದಿತು. ಅವನೂ ಇದೇ ಮಾತನ್ನು ಹೇಳಬೇಕೆಂದಿದ್ದನೇನೋ. ನಾನು ಅದನ್ನು ಕೇಳಿಸಿಕೊಳ್ಳುವವನಂತೆ ತೋರಿರಲಿಲ್ಲ. ಪತ್ನಿಯು ನನ್ನತ್ತ ನೋಡಿದಳು. ಮೇಲಿನ ಸಾಲನ್ನು ಬಿಡುವುದೆಂದು ಅಲ್ಲಿಯೇ ನಿಶ್ಚಯವಾಯಿತು. ಒಟ್ಟು 2,10,000.

ಜೋಡಿಸಲು ಬಂದವರು ರಾಜಸ್ಥಾನದಿಂದ ಬಂದ ಇಬ್ಬರು ತರುಣರು. ಆ ಕಾರ್ಖಾನೆಯಲ್ಲಿಯೇ ವರ್ಷಗಳಿಂದ ದುಡಿಯುವವರು. ನಾಲ್ಕು ದಿನ ನಮ್ಮ ಮನೆಯಲ್ಲಿದ್ದರು. ಅಡುಗೆಮನೆಯೇ ಸಿದ್ಧವಿಲ್ಲದುದರಿಂದ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಮಾಡಿದ ರೊಟ್ಟಿ ಪಲ್ಯವನ್ನೇ ಅವರೂ ನಾವೂ ಒಟ್ಟಿಗೆ ಉಂಡೆವು. ಎರಡನೆಯ ದಿನ ಅವರಲ್ಲಿ ಹಿರಿಯನು ಗೋಡೆಯು ಓರೆಯಾಗಿದೆಯೆಂದು ಕಂಡುಹಿಡಿದು, ಹಿಂಬದಿಯ ಹಲಗೆಗೆ ಒತ್ತು ಕೊಟ್ಟು ನೇರ ಮಾಡಿದನು. ಯಾರೂ ನೋಡದ ಸ್ಥಳವದು; ಅದಕ್ಕಾಗಿ ಅವನು ಅರ್ಧ ದಿನವನ್ನು ಕಳೆದನು. ಒಂದು ಬಾಗಿಲು ತಿಂಗಳೊಳಗೆ ತುಸು ಇಳಿಯಿತು. ಕರೆದೆವು, ಮೂರನೆಯ ದಿನ ಬಂದು ಸರಿಮಾಡಿದರು.

ಇಷ್ಟರಿಂದ ತಿಳಿಯಬೇಕಾದ ತಾತ್ಪರ್ಯವೇನೆಂದರೆ, "ಆಗುವುದಿಲ್ಲ" ಎನ್ನಬಲ್ಲ ಕೆಲಸಗಾರನನ್ನು ಆರಿಸಬೇಕು. ಅದಕ್ಕಿಂತ ಮೊದಲು, "ಆಗುವುದಿಲ್ಲ" ಎಂದು ನಿರ್ಭಯವಾಗಿ ಹೇಳಿಸಿಕೊಳ್ಳಬಲ್ಲ ಯಜಮಾನರು ನಾವಾಗಬೇಕು. ಒಬ್ಬನ ಕಾಯಕಶುದ್ಧಿಯು ಇನ್ನೊಬ್ಬನ ಆಸೆಯ ಮಿತಿಯನ್ನು ಆಶ್ರಯಿಸಿ ನಿಲ್ಲುತ್ತದೆ. ಹೊಸ ಮನೆಗೆ ಕರೆದಾಗ ಹಳೆಯ ಬಡಗಿಯನ್ನೂ ಕರೆದಿದ್ದೆನು. ಅವನು ಬಂದು, ಉಂಡು, ಅಡುಗೆಮನೆಯಲ್ಲಿ ಬಗ್ಗಿ ಸಿಂಕಿನ ಕೆಳಗೆ ತಟ್ಟಿ ನೋಡಿ, "ಚಲೋ ಹಲಗಿ ಹಾಕಿಸೀರಿ ಮಾಸ್ತರ" ಎಂದನು. "ನೀನೇ ಕಲಿಸಿದ್ದಪ್ಪ" ಎಂದೆನು. ಇಬ್ಬರೂ ನಕ್ಕೆವು; ಆ ನಗೆಯಲ್ಲಿ ನನ್ನ ಪಾಲಿನ ನಾಚಿಕೆಯೂ ಇದ್ದಿತು.

ಹಳೆಯ ಮಣೆಯು ಈಗ ಪೂಜೆಯ ಕೋಣೆಯಲ್ಲಿದೆ. ಪತ್ನಿಯು ನೆಲದ ಮೇಲೆಯೇ ನಿಂತು ರೊಟ್ಟಿ ಬಡಿಯುತ್ತಾಳೆ. ಮನೆ ಕಟ್ಟಿಸುವ ಸದ್ಭಕ್ತರೆಲ್ಲರೂ ಹಲಗೆಯನ್ನು ಪರೀಕ್ಷಿಸುವ ಮೊದಲು ತಮ್ಮ ಆಸೆಯನ್ನೊಮ್ಮೆ ತಟ್ಟಿ ನೋಡುವಂತಾಗಲಿ; ಅವರ ಅಡುಗೆಮನೆಗಳಲ್ಲಿ ಬೇಯುವ ಅನ್ನವು ಯಾರ ನಿಟ್ಟುಸಿರೂ ಬೆರೆಯದ ಅನ್ನವಾಗಲಿ.